ನಿಧಾನಕ್ಕನನ್ನು ಯಾರೂ ದಾಟುವಂತಿಲ್ಲ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಹೆಂಗಸೊಬ್ಬಳನ್ನು ಪೊಲೀಸರು ಅಕ್ರಮ ಮೆರವಣಿಗೆಯ ನಾಯಕಿ ಎಂದು ನಡುರಸ್ತೆಯಲ್ಲಿ ಹಿಡಿದು ನಿಲ್ಲಿಸಿದರು. ಆಕೆ ಮಾಡಿದ್ದ ಅಪರಾಧ ಇಷ್ಟೇ: ಬೆಳಿಗ್ಗೆ ಸೈಕಲ್ ಹತ್ತಿ ಕೆಲಸಕ್ಕೆ ಹೊರಟಿದ್ದಳು. ಅವಳ ಹಿಂದೆ ಇನ್ನಷ್ಟು ಜನ ಸೈಕಲ್ ಹತ್ತಿ ಕೆಲಸಕ್ಕೆ ಹೊರಟಿದ್ದರು. ಅಷ್ಟು ಜನ ಅಷ್ಟೇ ಕಾರುಗಳಲ್ಲಿ ಹೊರಟಿದ್ದರೆ ಅದಕ್ಕೆ ಟ್ರಾಫಿಕ್ ಎಂದು ಹೆಸರು. ಸೈಕಲ್ಲಿನಲ್ಲಿ ಹೊರಟರೆ ಮೆರವಣಿಗೆ. ಈ ನ್ಯಾಯ ನನಗೆ ಇನ್ನೂ ಅರ್ಥವಾಗಿಲ್ಲ. ಅರ್ಥವಾದವರು ದಯವಿಟ್ಟು ವಿವರಿಸಲು ಬರಬೇಡಿ.

ಆ ರಸ್ತೆಯವರೆಲ್ಲ ಅವಳನ್ನು ನಿಧಾನಕ್ಕ ಎನ್ನುತ್ತಾರೆ. ವರ್ಷಗಟ್ಟಲೆ ಬಿಸಿ ಪ್ರೆಸ್ಸಿನ ಮುಂದೆ ನಿಂತು ನಿಂತು ಅವಳ ಎಡ ಮಂಡಿ ಮುಷ್ಕರ ಹೂಡಿದೆ. ಪೆಡಲ್ ತುಳಿಯುವುದು ಬಲಗಾಲು ಮಾತ್ರ. ಎಡಗಾಲು ಮನೆಗೆ ಬಂದು ತಳವೂರಿದ ನೆಂಟನ ಹಾಗೆ, ಕೆಲಸ ಮಾಡದೆ ಜೊತೆಗೆ ಸುಮ್ಮನೆ ತಿರುಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೂ ಅವಳ ಸೈಕಲ್ಲಿನ ವೇಗ ಹೆಚ್ಚುವುದಿಲ್ಲ. ನಾಯಿಗೇ ಬೇಸರವಾಗಿ ನಿಂತುಬಿಡುತ್ತದೆ. ಅವಳ ಬಾಯಿ ಮಾತ್ರ ಯಾವತ್ತೂ ನಿಧಾನವಾಗಿದ್ದಿಲ್ಲ.

ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮಗಳ ಜೊತೆ ಇದ್ದಾಳೆ. ಮೆಟ್ಟಿಲು ಕಿರಿದು, ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಏಡಿಯ ಹಾಗೆ ಅಡ್ಡಡ್ಡ ಹತ್ತಬೇಕು. ಅದು ನಿಲ್ಲುವುದು ಮಲಗುವ ಕೋಣೆಯಲ್ಲಿ, ಬೀರುವಿಗೂ ಮಂಚಕ್ಕೂ ನಡುವೆ. ಹ್ಯಾಂಡಲ್ಲಿಗೆ ಟವೆಲ್ಲು, ಸೀಟಿಗೆ ಮಗಳ ಕೈಚೀಲ. ಮಗಳು ವಿಮಾ ಕಚೇರಿಯೊಂದರಲ್ಲಿ ದಿನವಿಡೀ ಫೋನ್ ಎತ್ತುತ್ತಾಳೆ. ಅವಳನ್ನು ನೋಡಲು ಬಂದ ಗೆಳತಿಯರಿಗೆ ಅಕ್ಕ ಸೈಕಲ್ ತೋರಿಸಿ ಹೇಳುವುದುಂಟು: “ಈ ಮನೇಲಿ ಗಂಡಸು ಅಂದ್ರೆ ಇದೊಂದೇ. ಅದಕ್ಕೇ ಇಷ್ಟು ಜಾಗ ಹಿಡಿಯುತ್ತೆ, ತಳ್ಳದೆ ಇದ್ರೆ ಕೆಲಸಕ್ಕೂ ಹೋಗಲ್ಲ.”

ಇದ್ದ ಗಂಡಸು ಬಸ್ ಚಾಲಕ. ಜೀವಮಾನವಿಡೀ ಸೈಕಲ್ಲಿನವರನ್ನು ಬೈದುಕೊಂಡೇ ಬಸ್ಸು ಓಡಿಸಿದ ಮನುಷ್ಯ. ಊಟಕ್ಕೆ ಕುಳಿತರೂ ಅದೇ ಮಾತು: “ಇವತ್ತು ಸೇತುವೆ ಮೇಲೆ ಒಂದು ಸೊಳ್ಳೆ ಅಡ್ಡ ಬಂತು ಕಣೇ, ಸ್ವಲ್ಪದರಲ್ಲಿ ತಪ್ಪಿಸ್ಕೊಂಡಿತು.” ಒಂದು ಕೆಟ್ಟ ಜ್ವರದಲ್ಲಿ ಅವನು ತೀರಿಕೊಂಡ. ಅವನ ಹಿಂದೆಯೇ ಅವನು ಓಡಿಸುತ್ತಿದ್ದ ಬಸ್ಸೂ ತೀರಿಕೊಂಡಿತು. ಆಸ್ಪತ್ರೆಯ ಕಡೆಗಿನ ಮಾರ್ಗದಲ್ಲಿ ಲಾಭವಿಲ್ಲ ಎಂದು ನಿಲ್ಲಿಸಿದರು. ಹಾಗಾಗಿ ನಲವತ್ತು ದಾಟಿದ ಮೇಲೆ ಚಾಲಕನ ಹೆಂಡತಿ ಸೊಳ್ಳೆಯಾಗಲು ಕಲಿತಳು. ಶಾಲೆಯ ಹಿಂದಿನ ಬಯಲಿನಲ್ಲಿ ಮಗಳು ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದಳು. ತಾಯಿ ಮುಂದಿನಿಂದ ಕೂಗುತ್ತಿದ್ದಳು: “ಬಿಡಬೇಡ್ವೇ! ಬಿಟ್ರೆ ನಿನ್ನ ಹೆತ್ತಿದ್ದೇ ದಂಡ!”

ಆಸ್ಪತ್ರೆ, ವರ್ಕ್‌ಶಾಪು, ಬೇಕರಿ, ಕನ್ನಡಕದ ಗಾಜು ಉಜ್ಜುವ ಕಾರ್ಖಾನೆ ಎಲ್ಲ ಇರುವುದು ರೈಲು ಹಳಿಯ ಆಚೆ. ಅಲ್ಲಿ ಕೆಲಸ ಮಾಡುವವರು ಇರುವುದು ಈಚೆ. ನಡುವೆ ಒಂದೇ ಸೇತುವೆ, ಅದರ ಮೇಲೆ ಒಂದೇ ದೊಡ್ಡ ರಸ್ತೆ. ಸೈಕಲ್ಲಿನವರು ಅಂಚಿನಲ್ಲಿ ಹೋಗಬೇಕು ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. ಆ ಅಂಚನ್ನು ನೀವು ಎಂದಾದರೂ ನೋಡಿದ್ದೀರಾ? ಕಾರಿನ ಕಿಟಕಿಯಿಂದ ಕಾಣುವುದಿಲ್ಲ, ಇಳಿದು ನೋಡಬೇಕು. ಒಡೆದ ಬಾಟಲಿ, ಜಲ್ಲಿಕಲ್ಲು, ಚಕ್ರ ನುಂಗಲೆಂದೇ ಅಳತೆ ಮಾಡಿ ಇಟ್ಟಂತಿರುವ ಚರಂಡಿಯ ಸರಳುಗಳು. ಉದ್ದಕ್ಕೂ ನಿಲ್ಲಿಸಿದ ಕಾರುಗಳು. ಅವುಗಳ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೆ ಎಂಬುದು ಒಳಗೆ ಕುಳಿತವನಿಗೂ ಗೊತ್ತಿರುವುದಿಲ್ಲ. ಅಂಚು ಎಂದರೆ ಊರು ತನ್ನ ಕಸವನ್ನು ಗುಡಿಸಿ ಹಾಕುವ ಜಾಗ. ಸೈಕಲ್ಲಿನವರನ್ನೂ ಅಲ್ಲಿಗೇ ಗುಡಿಸಿ ಹಾಕಿದೆ.

ಆ ಅಂಚಿನಲ್ಲೇ, ಸೇತುವೆಯ ಏರಿನಲ್ಲಿ, ಬೇಕರಿಗೆ ಹೋಗುತ್ತಿದ್ದ ಬ್ರೆಡ್ ಬೇಯಿಸುವವನೊಬ್ಬನನ್ನು ಲಾರಿ ಒರೆಸಿಕೊಂಡು ಹೋಯಿತು. “ಸೈಕಲ್ ಸವಾರ ಆಯತಪ್ಪಿ ಬಿದ್ದು ಸಾವು” ಎಂದು ಪತ್ರಿಕೆ ಬರೆಯಿತು. ಆಯ ತಪ್ಪಿದ್ದು ಅವನದಂತೆ! ಸತ್ತವನು ಪತ್ರಿಕೆಗೆ ಸ್ಪಷ್ಟನೆ ಕಳಿಸಲಾರ ಎಂಬ ಧೈರ್ಯ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ವರ್ಕ್‌ಶಾಪಿನ ವೆಲ್ಡರ್ ಒಂದು ಮಾತು ಹೇಳಿದ. ಒಬ್ಬೊಬ್ಬರೇ ಹೋದರೆ ಅಂಚಿಗೆ ತಳ್ಳುತ್ತಾರೆ. ಒಟ್ಟಿಗೆ ಹೋಗೋಣ, ಇಬ್ಬಿಬ್ಬರಾಗಿ, ಒಂದು ಲೇನು ತುಂಬ. ನೀರಿನ ಟ್ಯಾಂಕಿನ ಕೆಳಗೆ ಸೇರೋಣ. ಎಲ್ಲರೂ ಹೂಂ ಎಂದರು. ವೆಲ್ಡರ್ ಆ ರಸ್ತೆಯಲ್ಲೇ ಎಲ್ಲರಿಗಿಂತ ವೇಗದವನು, ಅವನೇ ಮುಂದೆ ಹೊರಟ. ಗಟ್ಟಿ ಕಾಲಿನವರು ಅವನಿಗೆ ಅಂಟಿಕೊಂಡರು. ಸೇತುವೆ ಏರುವಷ್ಟರಲ್ಲಿ ಸಾಲು ಹರಿದ ಮಣಿಸರವಾಯಿತು, ಕೊನೆಯ ಮಣಿ ಅಕ್ಕ. ಅಲ್ಲಿ ಒಂದು ಕಾರಿನ ಕನ್ನಡಿ ಅವಳ ತೋಳಿಗೆ ಬಡಿದು ಮುರಿಯಿತು. ಕಾರಿನವನು ಇಳಿದು ಬಂದು ಕನ್ನಡಿಯನ್ನು ನೋಡಿದ, ತೋಳನ್ನು ನೋಡಲಿಲ್ಲ.

ಸಂಜೆ ಅಕ್ಕ ಬಾವು ಬಂದ ತೋಳು ಹಿಡಿದುಕೊಂಡು ವೆಲ್ಡರ್‌ನ ವರ್ಕ್‌ಶಾಪಿನ ಗೇಟಿಗೇ ಹೋದಳು.

“ಏನಪ್ಪಾ, ಒಟ್ಟಿಗೆ ಅಂದೆಯಲ್ಲ, ಯಾರ ಜೊತೆ ಒಟ್ಟಿಗೆ? ಗಾಳಿ ಜೊತೆಗಾ?”

“ಅಕ್ಕಾ, ಸ್ವಲ್ಪ ಬೇಗ ತುಳಿದಿದ್ರೆ…”

“ಬೇಗ ತುಳಿಯೋಕೆ ಬಂದಿದ್ರೆ ನಿನ್ನ ಸಹವಾಸ ಯಾಕೆ ಬೇಕಿತ್ತು? ಲಾರಿಯವನು ಹುಡುಕೋದು ಹಿಂದೆ ಉಳಿದವರನ್ನ. ನೀನೂ ಹಿಂದೆ ಬಿಟ್ಟೆ, ಅವನೂ ಹಿಂದಿಂದ ಬಂದ. ನಿನಗೂ ಅವನಿಗೂ ಏನು ವ್ಯತ್ಯಾಸ?”

ಮರುದಿನ ವೆಲ್ಡರ್ ಟ್ಯಾಂಕಿನ ಕೆಳಗೆ ಎಲ್ಲರ ಎದುರು ಅಕ್ಕನ ಸೈಕಲ್ಲನ್ನು ಹಿಡಿದು ತಂದು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ. “ಇನ್ಮೇಲೆ ಅತೀ ನಿಧಾನದವರು ಮುಂದೆ. ಅವರನ್ನ ಯಾರೂ ದಾಟೋ ಹಾಗಿಲ್ಲ. ನಾನು ಕೊನೇಲಿ ಬರ್ತೀನಿ.”

ಗೊಣಗಿದವರಿದ್ದರು. ವರ್ಕ್‌ಶಾಪಿನ ಲೇತ್ ಯಂತ್ರ ನಡೆಸುವ ಹಿರಿಯನೊಬ್ಬನಿದ್ದಾನೆ, ಎಲ್ಲರಿಗೂ ಲೇತ್ ಮಾವ. “ಹೀಗಾದ್ರೆ ನಾವು ಹೋಗೋ ಹೊತ್ತಿಗೆ ವರ್ಕ್‌ಶಾಪೇ ನಮ್ಮನ್ನ ಹುಡ್ಕೊಂಡು ಬರುತ್ತೆ,” ಎಂದ. ಆದರೂ ಎಲ್ಲರೂ ಸ್ವಲ್ಪ ಮುಂಚೆ ಎದ್ದರು. ಸಾಲು ಹರಿಯಲಿಲ್ಲ. ಕನ್ನಡಿ ಯಾರ ತೋಳಿಗೂ ಬಡಿಯಲಿಲ್ಲ. ಅಕ್ಕ ಮುಂದಿನಿಂದ “ಗುಂಡಿ!” ಎಂದರೆ ಹಿಂದಿನವರು “ಗುಂಡಿ! ಗುಂಡಿ!” ಎಂದು ಕೊನೆಯವರೆಗೆ ದಾಟಿಸುತ್ತಿದ್ದರು. “ಬಾಗಿಲು!” ಎಂದರೆ ಬಾಗಿಲು. ನಡುವೆ ಕನ್ನಡಕದ ಕಾರ್ಖಾನೆಯ ಹುಡುಗಿಯೊಬ್ಬಳಿದ್ದಳು. ಅವಳ ಕಂಠಕ್ಕೆ ಹಾರ್ನುಗಳೇ ನಾಚಬೇಕು.

ಈ ಹುಡುಗಿಯ ಕೂಗು ಸೇತುವೆಯ ಪಕ್ಕದ ಹೊಸ ಎತ್ತರದ ಮನೆಗಳವರ ಕಿವಿಗೂ ಬಿತ್ತು. ಅವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರು. ದಿನಾ ಬೆಳಿಗ್ಗೆ ಒಂದು ಸಂಘಟನೆಯವರು ಘೋಷಣೆ ಕೂಗುತ್ತಾ ರಸ್ತೆ ತಡೆಯುತ್ತಾರೆ ಎಂದು ಅವರು ದೂರು ಕೊಟ್ಟರು. ಹಾಗೆ ಬಂದದ್ದು ಇನ್ಸ್‌ಪೆಕ್ಟರ್ ಜೀಪು.

“ಏನಮ್ಮಾ, ಪರ್ಮಿಶನ್ ಇದೆಯಾ?”

“ಯಾತಕ್ಕೆ?”

“ಮೆರವಣಿಗೆಗೆ.”

ಅಕ್ಕ ಕಾಲೂರಿ ಹಿಂದೆ ತಿರುಗಿ ನೋಡಿದಳು. “ಎಲ್ಲಿ ಸ್ವಾಮಿ? ಬರ್ತಿದ್ರೆ ಹೇಳಿ, ಪಕ್ಕಕ್ಕೆ ಸರೀತೀವಿ.”

“ತಮಾಷೆ ಬೇಡ. ನಿಮ್ಮ ಬೇಡಿಕೆ ಏನು?”

“ಸೈರನ್ ಆಗೋಕೆ ಮುಂಚೆ ಗೇಟ್ ಒಳಗಿರಬೇಕು. ಇನ್ನೇನು ಬೇಡ.”

“ಘೋಷಣೆ ಕೂಗ್ತೀರಂತೆ. ಮುಂದಿನವರು ಒಂದು ಸಲ ಕೂಗಿದ್ರೆ ಹಿಂದಿನವರೆಲ್ಲ ಸೇರಿ ಕೂಗ್ತಾರಂತೆ. ಕಂಪ್ಲೇಂಟ್ ಇದೆ.”

“ಗುಂಡಿ ಅಂತೀವಿ.”

“ಹಾಂ?”

“ಗುಂಡಿ ಬಂದ್ರೆ ಗುಂಡಿ ಅಂತೀವಿ. ನೀವು ಮುಚ್ಚಿಸಿಬಿಡಿ, ನಾವು ಬಾಯಿ ಮುಚ್ತೀವಿ.”

ಸಾಲಿನಲ್ಲಿ ನಗು ಎದ್ದಿತು. ನಗು ಎದ್ದರೆ ಅಧಿಕಾರ ಕೂರುತ್ತದೆಯೇ? ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನೇನಲ್ಲ. ಮೇಲಿನಿಂದ ಫೋನ್ ಬಂದಿತ್ತು, ಸಂಜೆಯೊಳಗೆ ಒಬ್ಬ ನಾಯಕ ಬೇಕಿತ್ತು. ನಾಯಕನಿಲ್ಲದೆ ಕೇಸು ನಡೆಯುವುದಿಲ್ಲ. “ಮುಂದೆ ಇರೋದು ನೀವೇ ತಾನೇ? ಹಾಗಾದ್ರೆ ಲೀಡರ್ ನೀವೇ,” ಎಂದ.

“ಅಯ್ಯೋ, ನಾನು ಮುಂದೆ ಇರೋದು ನಿಧಾನ ಅಂತ. ಎಲ್ಲರಿಗಿಂತ ನಿಧಾನ ನಾನು.”

ಈಗ ನಗುವ ಸರದಿ ಇನ್ಸ್‌ಪೆಕ್ಟರ್‌ದು. “ಸುಳ್ಳು ಹೇಳಿದ್ರೆ ನಂಬೋ ಹಾಗಾದ್ರೂ ಹೇಳಿ. ನಿಧಾನದವರನ್ನ ಯಾರಾದ್ರೂ ಮುಂದೆ ಬಿಡ್ತಾರಾ?”

ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಇಡೀ ಸೇವೆಯಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ನೀವು ಕಂಡಿದ್ದೀರಾ? ಶಾಲೆಯಲ್ಲಿ, ಕಚೇರಿಯಲ್ಲಿ, ಸಾಲು ಎಂಬುದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ?

“ಸರಿ, ಒಪ್ಕೊಳ್ಳೋಣ. ನಿಮ್ಮನ್ನ ಮುಂದೆ ಬಿಟ್ಟವರು ಯಾರು? ಇದನ್ನ ಶುರು ಮಾಡಿದವನು ಯಾರು? ಅವನನ್ನ ತೋರಿಸಿ, ನೀವು ಹೋಗಿ,” ಎಂದ ಇನ್ಸ್‌ಪೆಕ್ಟರ್.

ಸಾಲಿನ ಕೊನೆಯಿಂದ ವೆಲ್ಡರ್ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಅವನ ಮೇಲೆ ಹಳೆಯ ಮುಷ್ಕರದ ಕೇಸೊಂದಿದೆ. ಇನ್ನೊಂದು ಸಲ ಪೊಲೀಸರ ಬಾಯಲ್ಲಿ ನಿನ್ನ ಸುದ್ದಿ ಬಂದರೆ ಗೇಟಿನ ಒಳಗೆ ಕಾಲಿಡಬೇಡ ಎಂದು ಹೇಳಿಯೇ ವರ್ಕ್‌ಶಾಪಿನವರು ಅವನನ್ನು ವಾಪಸ್ ತೆಗೆದುಕೊಂಡದ್ದು. ಇದು ಅಲ್ಲಿದ್ದವರಿಗೆಲ್ಲ ಗೊತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಗದರಿದಳು: “ನಿನಗೇನು ಇಲ್ಲಿ ಕೆಲಸ? ಹೆಂಗಸರು ಮಾತಾಡ್ತಿದ್ರೆ ನಡುವೆ ಮೂಗು ತೂರಿಸ್ತೀಯಾ? ಸೈರನ್ ಆಗುತ್ತೆ, ಹೋಗು!”

ಇನ್ಸ್‌ಪೆಕ್ಟರ್ ಅಕ್ಕನ ಸೈಕಲ್ಲನ್ನು ಜೀಪಿನ ಹಿಂದೆ ಹಾಕಿಸಿದ. ಸಂಜೆ ಸ್ಟೇಷನ್ನಿಗೆ ಬಂದು ಹೆಸರು ಹೇಳಿದರೆ ಸೈಕಲ್ ಕೊಡುವುದು, ಇಲ್ಲವಾದರೆ ಅವಳ ಮೇಲೇ ಕೇಸು.

ಸಂಜೆ ಮನೆಯಲ್ಲಿ ಬೀರುವಿಗೂ ಮಂಚಕ್ಕೂ ನಡುವೆ ಜಾಗವೋ ಜಾಗ. ಮಗಳು ಆ ಜಾಗದಲ್ಲಿ ಅತ್ತಿಂದಿತ್ತ ನಡೆದಳು.

“ಅಮ್ಮಾ, ನೀನು ಲೀಡರ್ ಅಲ್ಲ ತಾನೇ?”

“ಅಲ್ಲ.”

“ಶುರು ಮಾಡಿದ್ದು ವೆಲ್ಡರ್ ಅಣ್ಣ ತಾನೇ?”

“ಹೂಂ.”

“ಮತ್ತೆ? ಇದ್ದದ್ದು ಇದ್ದ ಹಾಗೆ ಹೇಳು. ನಿಜ ಹೇಳೋದಕ್ಕೂ ಯೋಚನೆಯಾ?”

ಅಕ್ಕ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. “ನಿಧಾನದವರು ಮುಂದೆ ಅಂತ ರೂಲು ಮಾಡಿದ್ನಲ್ಲ, ಅದು ಅವನಿಗೆ ಬೇಕಿತ್ತಾ? ಅವನದು ಕುದುರೆ ಕಾಲು. ಸೀಟಿ ಹಾಕಿಕೊಂಡು ಹೋಗಬಹುದಿತ್ತು. ನನ್ನ ಮಂಡಿಗೋಸ್ಕರ ಮಾಡಿದ ರೂಲಿಗೆ ಈಗ ಅವನ ಕತ್ತು ಕೊಡ್ಲಾ?”

“ಹಾಗಂತ ನಿನ್ನ ಕತ್ತು ಕೊಡ್ತೀಯಾ? ಸೈಕಲ್ ಇಲ್ಲದೆ ಕೆಲಸಕ್ಕೆ ಹೇಗೆ ಹೋಗ್ತೀಯ? ಕೇಸು ಅಂದ್ರೆ ಲಾಂಡ್ರಿಯವರು ಇಟ್ಕೊಳ್ತಾರಾ?”

“ಅದೇ ಯೋಚನೆ ಮಾಡ್ತಿದ್ದೀನಿ. ಸ್ವಲ್ಪ ಸುಮ್ನಿರು. ಯೋಚನೇನೂ ನಿಧಾನ ನಂದು.”

ಮಗಳು ಸುಮ್ಮನಿರಲಿಲ್ಲ. ಸ್ಟೇಷನ್ನಿನವರೆಗೂ ಬೈದುಕೊಂಡೇ ಜೊತೆಗೆ ನಡೆದಳು. ಒಳಗೆ ಹೋದ ಮೇಲೆ ಮಾತ್ರ ತಾಯಿಯ ತೋಳು ಬಿಗಿಯಾಗಿ ಹಿಡಿದುಕೊಂಡಳು.

“ಏನಮ್ಮಾ, ಹೆಸರು ಹೇಳ್ತೀರಾ?” ಎಂದು ಕೇಳಿದ ಇನ್ಸ್‌ಪೆಕ್ಟರ್.

“ಹೇಳ್ತೀನಿ. ನಾನೇ.”

“ಬೆಳಿಗ್ಗೆ ಅಲ್ಲ ಅಂದ್ರಿ.”

“ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ. ನೀವು ಹೇಳಿದ ಮೇಲೆ ಯೋಚನೆ ಮಾಡಿ ನೋಡಿದೆ. ನಾನು ಹೊರಟ್ರೆ ಎಲ್ಲರೂ ಹೊರಡ್ತಾರೆ, ನಾನು ನಿಂತ್ರೆ ನಿಲ್ತಾರೆ. ನನ್ನ ದಾಟಿ ಯಾರೂ ಹೋಗಲ್ಲ. ಇದಕ್ಕಿಂತ ದೊಡ್ಡ ನಾಯಕಿ ಇನ್ಯಾರು ಬೇಕು ನಿಮಗೆ?”

ಇನ್ಸ್‌ಪೆಕ್ಟರ್ ಮಗಳ ಮುಖ ನೋಡಿದ. ಮಗಳು ಚಾವಣಿ ನೋಡಿದಳು. “ನೋಡಿ ಅಮ್ಮಾ, ನನಗೂ ತಾಯಿ ಇದ್ದಾರೆ. ಒಂದು ಮಾತು ಕೊಡಿ. ನಾಳೆಯಿಂದ ಒಬ್ಬರೇ, ಅಂಚಿನಲ್ಲಿ ಹೋಗ್ತೀನಿ ಅನ್ನಿ. ಈಗಲೇ ಸೈಕಲ್ ತಗೊಂಡು ಹೋಗಿ.”

“ಅಂಚಿಗೆ ಹೋಗಲ್ಲ.”

“ಅಷ್ಟೊಂದು ಹಟ ಯಾಕೆ?”

“ನಿಮ್ಮ ತಾಯೀನ ಕಳಿಸ್ತೀರಾ, ಆ ಅಂಚಿನಲ್ಲಿ?”

ಕೇಸು ದಾಖಲಾಯಿತು. ಸೈಕಲ್ ಸಾಕ್ಷ್ಯವಾಗಿ ಸ್ಟೇಷನ್ನಿನ ಹಿತ್ತಲಿನಲ್ಲೇ ಉಳಿಯಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಾಯಿತು, ಇನ್ನು ಗುಬ್ಬಿ ಅಡಗುತ್ತದೆ ಎಂದು ಮೇಲಿನವರು ನಿಶ್ಚಿಂತರಾದರು.

ಮರುದಿನ ಟ್ಯಾಂಕಿನ ಕೆಳಗೆ ಅಕ್ಕ ನಡೆದುಕೊಂಡು ಬಂದಳು. ವೆಲ್ಡರ್‌ನ ಕಣ್ಣು ಕೆಂಪಗಿತ್ತು. “ಅಕ್ಕಾ, ನಾನು ಹೋಗಿ ಹೇಳಿಬಿಡ್ತೀನಿ,” ಎಂದ. “ಹೇಳು, ಯಾರು ನಂಬ್ತಾರೆ? ನೀನು ಕೊನೇಲಿ ಇದ್ದವನು,” ಎಂದಳು ಅಕ್ಕ. ಅವನು ತನ್ನ ಕ್ಯಾರಿಯರ್ ತೋರಿಸಿದ, ಕೂತುಕೋ ಎಂದು. ಮಂಡಿ ಮಡಚಿ ಕೂರಲು ಅವಳಿಗೆ ಆಗುವುದಿಲ್ಲ. “ನಾಯಕಿ ಆಗಿ ಒಂದು ದಿನವೂ ಆಗಿಲ್ಲ, ಆಗಲೇ ಹಿಂದೆ ಕೂರಿಸ್ತೀಯಾ?” ಎಂದು ನಕ್ಕಳು. ಕನ್ನಡಕದ ಕಾರ್ಖಾನೆಯ ಹುಡುಗಿ ತನ್ನ ತಂಗಿಯ ಸೈಕಲ್ ತರುತ್ತೇನೆಂದಳು. “ಅದನ್ನೂ ಹಿಡ್ಕೊಂಡು ಹೋಗ್ತಾರೆ. ಪಾಪ, ಆ ಮಗು ಏನು ಮಾಡಿದೆ? ನೀವು ಹೋಗಿ. ನಾನು ನಡ್ಕೊಂಡು ಬರ್ತೀನಿ,” ಎಂದು ಅಕ್ಕ ಹೊರಟೇಬಿಟ್ಟಳು.

ಎಲ್ಲರೂ ಸೈಕಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. ಮುಂದೆ ಅಕ್ಕ ಕುಂಟುತ್ತಾ ಹೋಗುತ್ತಿದ್ದಳು. ವೆಲ್ಡರ್ ಮೊದಲು ಇಳಿದ. “ನಿಧಾನದವರು ಮುಂದೆ,” ಎಂದ. ಅವನ ಪಕ್ಕದವನು ಇಳಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿದು, ಇಬ್ಬಿಬ್ಬರಾಗಿ, ಸೈಕಲ್ ತಳ್ಳಿಕೊಂಡು ಅವಳ ಹಿಂದೆ ನಡೆದರು. ಒಂದು ಲೇನು ತುಂಬ. ಕುಂಟುವ ಹೆಂಗಸಿನ ವೇಗದಲ್ಲಿ.

ಸೇತುವೆ ಏರುವ ಹೊತ್ತಿಗೆ ಹಿಂದೆ ಕಾರುಗಳ ಸಾಲು ಕಣ್ಣಿಗೆ ಎಟುಕದಷ್ಟಾಗಿತ್ತು. ಹಾರ್ನುಗಳ ಅರಚಾಟ ಹೇಳತೀರದು. ಕಾರಿನಿಂದ ತಲೆ ಹೊರಗೆ ಹಾಕಿ ಒಬ್ಬ ಚೀರಿದ: “ನಿಮಗೆಲ್ಲ ಮಾಡೋಕೆ ಕೆಲಸ ಇಲ್ವೇನ್ರೀ?”

“ಇದೆ, ಅದಕ್ಕೇ ಹೋಗ್ತಿದ್ದೀವಿ. ನಿಮಗಿಲ್ವಾ, ನಿಂತಿದ್ದೀರಲ್ಲ?” ಎಂದಳು ಹುಡುಗಿ.

ಜೀಪು ಬಂತು. ಇನ್ಸ್‌ಪೆಕ್ಟರ್ ಇಳಿದು ಓಡಿಬಂದ. “ಮತ್ತೆ ಏನಮ್ಮಾ ಇದು?”

“ಸೈಕಲ್ ಇಟ್ಕೊಂಡ್ರಿ. ಅದಕ್ಕೇ ತುಳೀತಿಲ್ಲ.”

“ನಡೆಯೋರು ಫುಟ್‌ಪಾತ್ ಮೇಲೆ ನಡೀಬೇಕು.”

“ಎಲ್ಲಿದೆ? ತೋರಿಸಿ, ಈಗಲೇ ಹತ್ತುತ್ತೀವಿ.”

ಇನ್ಸ್‌ಪೆಕ್ಟರ್ ಎಡಕ್ಕೆ ನೋಡಿದ. ಫುಟ್‌ಪಾತ್ ಇರಬೇಕಾದಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಮುಂದೆ ಮಣ್ಣಿನ ಗುಡ್ಡೆ, ಅದರ ಮುಂದೆ ಪೂರಾ ಮೇಲಕ್ಕೆ ಹತ್ತಿಸಿ ನಿಲ್ಲಿಸಿದ ಬೆಳ್ಳಗಿನ ಕಾರು. ಕಾರಿಗೆ ಪರ್ಮಿಶನ್ ಇದೆಯಾ ಎಂದು ಅವನು ಕೇಳಲಿಲ್ಲ.

ಆ ದಿನ ಎಲ್ಲರಿಗೂ ತಡವಾಯಿತು. ಇಂಥ ಕಡೆ ಬರೆಯುವವರು ಸಾಮಾನ್ಯವಾಗಿ ಒಗ್ಗಟ್ಟಿನ ಜಯಘೋಷ ಮಾಡುತ್ತಾರೆ. ನಾನು ಮಾಡುವುದಿಲ್ಲ, ಯಾಕೆಂದರೆ ತಡವಾಗಿ ಹೋದವರಿಗೆ ಗೇಟಿನಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ಬೇಕರಿಯವನೊಬ್ಬನನ್ನು ಹೊರಗೇ ನಿಲ್ಲಿಸಿದರು. ಕೆಲವರಿಗೆ ಅರ್ಧ ದಿನ ಹೋಯಿತು. ಲಾಂಡ್ರಿಯ ಮೇಲ್ವಿಚಾರಕ ಅಕ್ಕನನ್ನು ಕರೆದು, “ನಾಳೆಯೂ ಹೀಗೇ ಆದ್ರೆ ಒದ್ದೆ ಕೋಣೆಗೆ ಹಾಕ್ತೀನಿ,” ಎಂದ. ಒದ್ದೆ ಕೋಣೆ ಎಂದರೆ ರಕ್ತ ಹಿಡಿದ ಹೊದಿಕೆಗಳನ್ನು ತಣ್ಣೀರಿನಲ್ಲಿ ಜಾಲಿಸುವ ಜಾಗ. ನೆಲದ ಮೇಲೆ ಯಾವಾಗಲೂ ಪಾದ ಮುಳುಗುವಷ್ಟು ನೀರು. ಬಿಸಿ ಪ್ರೆಸ್ಸಿನ ಮುಂದೆ ಕೆಟ್ಟ ಮಂಡಿಗೆ ಅದಕ್ಕಿಂತ ಒಳ್ಳೆಯ ಶಿಕ್ಷೆ ಹುಡುಕಿದರೂ ಸಿಗುವುದಿಲ್ಲ.

ಎರಡನೆಯ ದಿನ ಸಾಲು ಸಣ್ಣದಾಯಿತು. ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಲೇತ್ ಮಾವ ಸೈಕಲ್ ಹತ್ತಿ, ತಲೆ ತಗ್ಗಿಸಿ, ಅಕ್ಕನ ಬಲಗಡೆಯಿಂದ ದಾಟಿ ಹೋದ. ಅವನ ಹಿಂದೆ ಇನ್ನೂ ಕೆಲವರು. ಒಬ್ಬೊಬ್ಬರೂ ದಾಟುವಾಗ “ಬರ್ತೀನಿ ಅಕ್ಕಾ” ಎಂದು ಗೊಣಗುತ್ತಿದ್ದರು, ಮದುವೆ ಮನೆಯಿಂದ ಉಣ್ಣದೆ ಹೊರಟ ನೆಂಟರ ಹಾಗೆ. ವೆಲ್ಡರ್ ಹಲ್ಲು ಕಡಿದ.

“ಕಡೀಬೇಡ, ಇರೋ ಹಲ್ಲು ಹೋಗುತ್ತೆ,” ಎಂದಳು ಅಕ್ಕ. “ಅವನ ಮನೇಲಿ ತಿನ್ನೋ ಬಾಯಿ ಎಷ್ಟು ಅಂತ ಗೊತ್ತಾ ನಿನಗೆ?”

ದಾಟಿ ಹೋದವರ ಮೇಲೆ ನನಗೆ ಕೋಪವಿಲ್ಲ. ತನ್ನ ಅನ್ನಕ್ಕೂ ತನ್ನ ಮಾತಿಗೂ ನಡುವೆ ಆರಿಸಿಕೋ ಎಂದು ಒಬ್ಬ ಮನುಷ್ಯನನ್ನು ಬೆಳಗಾಗೆದ್ದು ರಸ್ತೆಯಲ್ಲಿ ನಿಲ್ಲಿಸಿದವರ ಮೇಲೆ ನನಗೆ ಕೋಪ. ಅದು ಆರುವ ಕೋಪವಲ್ಲ.

ಉಳಿದವರು ಕೈಬೆರಳಿಗೆ ಸಾಲುವಷ್ಟು ಜನ. ಆದರೆ ಒಂದು ಲೇನು ತುಂಬಲು ಇಬ್ಬರು ಸಾಕಲ್ಲ! ಅಕ್ಕನ ಹಿಂದೆ ವೆಲ್ಡರ್ ಮತ್ತು ಹುಡುಗಿ ಪಕ್ಕಪಕ್ಕ ನಡೆದರೆ ಹಿಂದಿನ ದಿನ ನಿಂತಷ್ಟೇ ಕಾರುಗಳು ಅಂದೂ ನಿಂತವು. ಅಂದು ಲಾಂಡ್ರಿಯಲ್ಲಿ ಮೇಲ್ವಿಚಾರಕ ತನ್ನ ಮಾತು ಉಳಿಸಿಕೊಂಡ. ಅಕ್ಕ ಪ್ರೆಸ್ಸಿನ ಕೋಣೆಯಿಂದ ತನ್ನ ಚಪ್ಪಲಿ ಎತ್ತಿಕೊಂಡು ಒದ್ದೆ ಕೋಣೆಗೆ ಹೋದಳು. ಮನೆಗೆ ಬಂದಾಗ ಮಂಡಿ ಕುಂಬಳಕಾಯಿಯಾಗಿತ್ತು. ಮಗಳು ನೋಡಿದಳು, ಬೈಯಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋಗುವ ಬಟ್ಟೆ ತೊಟ್ಟು ತಾಯಿಯ ಜೊತೆಗೇ ಕೆಳಗಿಳಿದಳು.

“ನೀನೆಲ್ಲಿಗೆ? ನಿನ್ನ ಆಫೀಸು ಈ ಕಡೆ.”

“ಸ್ವಲ್ಪ ದೂರ ಬರ್ತೀನಿ.”

“ನಿನ್ನ ಕೆಲಸ?”

“ನಡಿ ಅಮ್ಮಾ. ಹಿಂದೆ ಜನ ಕಾಯ್ತಿದ್ದಾರೆ.”

ಮೂರನೆಯ ದಿನ ಸೇತುವೆಯ ನಡುವೆ ಜೀಪು ಅವರಿಗಾಗಿ ಕಾಯುತ್ತಾ ನಿಂತಿತ್ತು. ಅದರ ಹಿಂದೆ ಅಕ್ಕನ ಸೈಕಲ್ಲು. ಸೇತುವೆಯಲ್ಲಿ ಸಿಕ್ಕಿಕೊಂಡ ಕಾರಿನವರು ಮೇಲಿನವರಿಗೆ ಫೋನ್ ಮಾಡಿ ಮಾಡಿ, ಎರಡು ದಿನಗಳಿಂದ ಮೇಲಿನಿಂದ ಬರುತ್ತಿದ್ದ ಫೋನುಗಳ ಧಾಟಿ ಬದಲಾಗಿತ್ತು. ಮೊದಲು ಅವರನ್ನು ರಸ್ತೆಯಿಂದ ತೆಗೆಯಿರಿ ಎನ್ನುತ್ತಿದ್ದವರು ಈಗ ಅವರನ್ನು ಬೇಗ ಕಳಿಸಿ ಎನ್ನುತ್ತಿದ್ದರು. ಇನ್ಸ್‌ಪೆಕ್ಟರ್ ಸೈಕಲ್ ಇಳಿಸಿ ತಾನೇ ಹಿಡಿದು ನಿಂತ.

“ಹತ್ತಮ್ಮಾ. ದಯವಿಟ್ಟು ಹತ್ತಿ. ಮಾಮೂಲಿ ಹಾಗೇ ಹೋಗಿ.”

“ಮಾಮೂಲಿ ಹಾಗೆ ಅಂದ್ರೆ? ನಡುವೆನಾ, ಅಂಚಿನಲ್ಲಾ?”

ಹಿಂದೆ ಹಾರ್ನುಗಳು ಒದರುತ್ತಿದ್ದವು. ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡ. “ನಡುವೆ.”

“ಜೋರಾಗಿ ಹೇಳಿ. ಕೊನೆಯವರಿಗೆ ಕೇಳ್ಸಲ್ಲ.”

“ನಡುವೆ ಹೋಗಿ!”

ಅಕ್ಕ ಚಕ್ರ ಒತ್ತಿ ನೋಡಿದಳು. ಹಿತ್ತಲಿನಲ್ಲಿ ಬಿದ್ದು ಎರಡೂ ಚಕ್ರಗಳ ಗಾಳಿ ಇಳಿದಿತ್ತು. “ಇದರಲ್ಲಿ ಗಾಳಿ ಇಲ್ಲ ಸ್ವಾಮಿ. ತಳ್ಳಿಕೊಂಡೇ ಹೋಗಬೇಕು,” ಎಂದು ಮತ್ತೆ ಕುಂಟುತ್ತಾ ಹೊರಟಳು.

“ನಿಲ್ಲಿ, ನಿಲ್ಲಿ! ಪಂಪು! ಯಾರ ಹತ್ರನಾದ್ರೂ ಪಂಪು ಇದೆಯಾ?”

“ನನ್ನ ಹತ್ರ ಇದೆ, ಆದ್ರೆ ನಾಯಕಿ ಅಪ್ಪಣೆ ಆಗಿಲ್ಲ,” ಎಂದಳು ಹುಡುಗಿ.

ಅಪ್ಪಣೆಯಾಯಿತು. ಪೇದೆಯೊಬ್ಬ ಸೇತುವೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಚಕ್ರಗಳಿಗೆ ಗಾಳಿ ಹೊಡೆದ. ಇನ್ಸ್‌ಪೆಕ್ಟರ್ ಮೆಲ್ಲಗೆ ಅಂದ, “ಕೇಸು ಮಾತ್ರ ಹಾಗೇ ಇರುತ್ತೆ. ಅದು ನನ್ನ ಕೈಲಿಲ್ಲ. ಕರೆದಾಗ ಕೋರ್ಟಿಗೆ ಬರಬೇಕು.”

“ಬರ್ತೀನಿ. ಎಲ್ಲರೂ ಬರ್ತೀವಿ, ಇದೇ ರಸ್ತೇಲಿ,” ಎಂದಳು ಅಕ್ಕ.

ಅವಳು ಹತ್ತಿದಳು. ಉಳಿದವರು ಹತ್ತಿದರು. ಮಗಳು ಮಾತ್ರ ಸೇತುವೆಯ ಕಂಬಿಗೆ ಒರಗಿ ನಿಂತು, ಸಾಲು ಇಳಿಜಾರಿನಲ್ಲಿ ಮರೆಯಾಗುವವರೆಗೆ ನೋಡಿ, ಆಮೇಲೆ ತನ್ನ ಕಚೇರಿಯ ಕಡೆ ಓಡಿದಳು.

ಇಳಿಜಾರಿನ ಕೊನೆಯಲ್ಲಿ ಲೇತ್ ಮಾವ ಅಂಚಿನಲ್ಲಿ ಒಬ್ಬನೇ ಹೋಗುತ್ತಿದ್ದ. ಪಕ್ಕದಲ್ಲಿ ಲಾರಿಯೊಂದು ಅವನನ್ನು ಚರಂಡಿಯ ಕಡೆಗೆ ಒತ್ತುತ್ತಿತ್ತು. ಅಕ್ಕ ಗಂಟೆ ಬಾರಿಸಿದಳು. “ಮಾವಾ, ಅಲ್ಲೇನು ಮಾಡ್ತಿದ್ದೀಯಾ, ಕಸದಲ್ಲಿ? ಒಳಗೆ ಬಾ!” ಅವನು ತಿರುಗಿ ನೋಡಿದ. ಬರಲೋ ಬೇಡವೋ ಎಂದು ಹ್ಯಾಂಡಲ್ ಅಲುಗಿತು. “ಬಾ ಅಂದೆ. ನಾಚಿಕೆ ಆಮೇಲೆ ಪಡ್ಕೊ, ಗೇಟಿನ ಹತ್ರ,” ಎಂದಳು. ಅವನು ಬಂದ. ಸಾಲಿನ ನಡುವೆ ಯಾರೋ ಜಾಗ ಬಿಟ್ಟುಕೊಟ್ಟರು.

ಕೇಸು ಇನ್ನೂ ಮುಗಿದಿಲ್ಲ. ಮ್ಯಾಜಿಸ್ಟ್ರೇಟರು ಎರಡು ಸಲ ಕರೆದು ಎರಡು ಸಲವೂ ಮುಂದೂಡಿದ್ದಾರೆ. ಅಕ್ಕ ಇನ್ನೂ ಒದ್ದೆ ಕೋಣೆಯಲ್ಲೇ ಇದ್ದಾಳೆ. ಪ್ರೆಸ್ಸಿಗೆ ವಾಪಸ್ ಹಾಕಿ ಎಂದು ಕೇಳಿದ್ದಾಳೆ, ಬೇಡಿಲ್ಲ. ದಿನವಿಡೀ ತಣ್ಣೀರಿನಲ್ಲಿ ನಿಂತು ಮಂಡಿ ಮೊದಲಿಗಿಂತ ಕೆಟ್ಟಿದೆ, ಈಗ ಬಲಗಾಲೂ ಆಗಾಗ ಮುನಿಸಿಕೊಳ್ಳುತ್ತದೆ. ಆದ್ದರಿಂದ ಸಾಲು ಮೊದಲಿಗಿಂತ ನಿಧಾನ. ಸೇತುವೆಯ ಏರಿನಲ್ಲಿ ಅದು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಹಿಂದೆ ಕಾರಿನಲ್ಲಿ ಕುಳಿತು ಹಾರ್ನ್ ಒತ್ತುವವರು ನಮ್ಮ ಅಂಕಣ ಓದುವವರಾದರೆ ಅವರಲ್ಲಿ ಒಂದು ವಿನಂತಿ. ಅಕ್ಕ ಬೇಗ ಹೋಗಬೇಕೆಂದಿದ್ದರೆ ಆಸ್ಪತ್ರೆಯ ಲಾಂಡ್ರಿಗೆ ಫೋನ್ ಮಾಡಿ, ಅವಳನ್ನು ನೀರಿನಿಂದ ಎತ್ತಿ ಬಿಸಿ ಪ್ರೆಸ್ಸಿನ ಮುಂದೆ ನಿಲ್ಲಿಸಲು ಹೇಳಿ. ನಿಮ್ಮ ಫೋನು ಮೇಲಿನವರಿಗೆ ಕೇಳಿಸುತ್ತದೆ ಎಂಬುದನ್ನು ನಾವು ನೋಡಿದ್ದೇವೆ. ಅಲ್ಲಿಯವರೆಗೆ ಹಿಂದೆ ಬನ್ನಿ.